ಖಾಲಿ ಜಾಗಕ್ಕೆ ತೂಕ ಎಷ್ಟು? ಡಾರ್ಕ್ ಎನರ್ಜಿ ಬಗ್ಗೆ ಮಗಳ ಪ್ರಶ್ನೆ, ಸ್ವಲ್ಪ ಸಹಾಯ ಮಾಡಿ

ಬೆಳ್ಳಿಚುಕ್ಕಿ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಇವತ್ತು ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು, ನನಗೆ ತುತ್ತು ಗಂಟಲಲ್ಲೇ ನಿಂತಿತು. ನಾನು ಓದಿದ್ದು ಬಿಕಾಂ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬ್ರಹ್ಮಾಂಡ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ, ಅದಕ್ಕೆ ಕಾರಣ ಡಾರ್ಕ್ ಎನರ್ಜಿ ಅಂತ ಎಲ್ಲೋ ಓದಿದ್ದಾಳೆ. ಜಾಗ ಎಷ್ಟೇ ದೊಡ್ಡದಾದರೂ ಈ ಶಕ್ತಿ ತೆಳುವಾಗುವುದಿಲ್ಲವಂತೆ. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಸುರಿದರೂ ಮಜ್ಜಿಗೆ ಮೊದಲಿನಷ್ಟೇ ಗಟ್ಟಿ ಇದ್ದ ಹಾಗೆ. "ಹಾಗಾದ್ರೆ ಅಮ್ಮ, ಹೊಸ ಶಕ್ತಿ ಎಲ್ಲಿಂದ ಬರ್ತಿದೆ? ಶಕ್ತಿನ ಸೃಷ್ಟಿಸೋಕೆ ಆಗಲ್ಲ ಅಂತ ಹೈಸ್ಕೂಲಿಂದ ಬಾಯಿಪಾಠ ಮಾಡಿಸಿದ್ದಾರಲ್ಲ?"

ನನಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಿ. ಲೆಕ್ಕ ಇದ್ದರೂ ಪರವಾಗಿಲ್ಲ, ಇಪ್ಪತ್ತು ವರ್ಷದಿಂದ ಲೆಕ್ಕಪತ್ರವೇ ನನ್ನ ಕೆಲಸ. ಆದರೆ ಜಮಾ ಖರ್ಚು ತಾಳೆಯಾಗಬೇಕು.

ತರ್ಲೆ_ತಮ್ಮಣ್ಣ

ಪುಕ್ಕಟೆ ಕರೆಂಟು ಮೇಡಂ. ಮೀಟರ್ ಇನ್ನೂ ಹಾಕಿಲ್ಲ.

ಪಾಠದ_ಮೇಷ್ಟ್ರು

ತಾಯೀ, ನಿಮ್ಮ ಮಗಳು ನೇರವಾಗಿ ನೋಯುವ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಉತ್ತರ ಕೊಡುವುದಕ್ಕೆ ಇಲ್ಲಿ ನನಗಿಂತ ತಿಳಿದವರಿದ್ದಾರೆ. ಇದು ಗೊತ್ತಾದದ್ದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು, 1998ರಲ್ಲಿ ಈ ಸುದ್ದಿ ಬಂದಾಗ ನಂಬಿರಲಿಲ್ಲ.

ಆಗ ಎರಡು ತಂಡಗಳಿದ್ದವು. ಒಂದಕ್ಕೆ ಬರ್ಕ್ಲಿಯ ಸಾಲ್ ಪರ್ಲ್‌ಮಟರ್ ಮುಖಂಡ. ಇನ್ನೊಂದರಲ್ಲಿ ಬ್ರಯನ್ ಶ್ಮಿಟ್, ಆಡಮ್ ರೀಸ್. ಬ್ರಹ್ಮಾಂಡ ಹಿಗ್ಗುತ್ತಿದೆ ಅನ್ನುವುದು 1929ರಿಂದಲೇ, ಹಬಲ್ ಕಾಲದಿಂದ ಗೊತ್ತಿತ್ತು. ಒಳಗಿರುವ ವಸ್ತುವೆಲ್ಲ ಒಂದನ್ನೊಂದು ಸೆಳೆಯುತ್ತದೆ, ಆದ್ದರಿಂದ ಹಿಗ್ಗುವುದು ನಿಧಾನವಾಗಬೇಕು. ಎಷ್ಟು ನಿಧಾನ ಅಂತ ಅಳೆಯುವುದಷ್ಟೇ ಇವರ ಕೆಲಸ. ಆಗುಂಬೆ ಘಾಟಿ ಹತ್ತುವಾಗ ಕಾರನ್ನು ನ್ಯೂಟ್ರಲ್‌ಗೆ ಹಾಕಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಅಂತ ನೋಡಿದ ಹಾಗೆ. ನೋಡಿದರೆ ಕಾರು ಏರಿನಲ್ಲೇ ಜೋರಾಗಿ ಓಡತೊಡಗಿತ್ತು.

ಅಳೆಯುವುದಕ್ಕೆ ಬಳಸಿದ್ದು ಟೈಪ್ 1ಎ ಸೂಪರ್‌ನೋವಾ. ಇಂಧನ ಮುಗಿದ ಕೆಲವು ನಕ್ಷತ್ರಗಳು ಶ್ವೇತಕುಬ್ಜ ಆಗುತ್ತವೆ. ಅವಕ್ಕೆ ಒಂದು ತೂಕದ ಮಿತಿ ಇದೆ, ಸೂರ್ಯನ 1.4 ಪಟ್ಟು. ಈ ಮಿತಿಗೆ ಚಂದ್ರಶೇಖರ್ ಅವರ ಹೆಸರು. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಈ ಲೆಕ್ಕ ಶುರು ಮಾಡಿದಾಗ ಅವರಿಗೆ 19 ವರ್ಷ. ಜೊತೆಗಾರ ನಕ್ಷತ್ರದಿಂದ ವಸ್ತು ಕದ್ದು ಕದ್ದು ಆ ಮಿತಿಯ ಹತ್ತಿರ ಬಂದ ಶ್ವೇತಕುಬ್ಜ ಸಿಡಿಯುತ್ತದೆ. ಹೆಚ್ಚುಕಮ್ಮಿ ಎಲ್ಲ ಸ್ಫೋಟಗಳೂ ಒಂದೇ ಪ್ರಖರ. "ಹೆಚ್ಚುಕಮ್ಮಿ" ಅಂದರೆ ಸಾಲದು, ಅಲ್ವಾ? 1993ರಲ್ಲಿ ಮಾರ್ಕ್ ಫಿಲಿಪ್ಸ್ ಒಂದು ಉಪಾಯ ತೋರಿಸಿದರು. ಜಾಸ್ತಿ ಪ್ರಖರವಾಗಿ ಸಿಡಿದದ್ದು ನಿಧಾನವಾಗಿ ಮಂಕಾಗುತ್ತದೆ, ಕಡಿಮೆ ಪ್ರಖರದ್ದು ಬೇಗ ಮಂಕಾಗುತ್ತದೆ. ಕೆಲವು ವಾರ ಕಾದು ನೋಡಿದರೆ ಬಲ್ಬ್ ಎಷ್ಟು ವ್ಯಾಟ್‌ದು ಅಂತ ಗೊತ್ತಾದಂತೆ. ವ್ಯಾಟ್ ಗೊತ್ತಾದರೆ, ಎಷ್ಟು ಮಂಕಾಗಿ ಕಾಣುತ್ತದೆ ಅನ್ನುವುದರಿಂದ ದೂರ ಸಿಗುತ್ತದೆ.

ದೂರದ ಸೂಪರ್‌ನೋವಾಗಳು ಇರಬೇಕಾದ್ದಕ್ಕಿಂತ ಮಂಕಾಗಿದ್ದವು. ಅಂದರೆ ಶೇಕಡಾ 10ರಿಂದ 15ರಷ್ಟು ಹೆಚ್ಚು ದೂರ. ಎರಡೂ ತಂಡಗಳಿಗೆ, ಬೇರೆ ಬೇರೆ ನಕ್ಷತ್ರಗಳಿಂದ, ಅದೇ ಉತ್ತರ. 2011ರಲ್ಲಿ ಮೂವರಿಗೂ ನೊಬೆಲ್ ಬಂತು.

ಹುಬ್ಬಳ್ಳಿ_ಮಂದಿ

ಮಂಕಾಗಿ ಕಂಡರೆ ನಡುವೆ ಧೂಳು ಇರಬಹುದಲ್ಲ್ರೀ ಮೇಷ್ಟ್ರೇ? ಬೇಸಿಗೆಯೊಳಗ ನಮ್ಮ ಊರಿನ ರಸ್ತೆಯ ದೀಪ ನೋಡಿದರೆ ನನಗೂ ನೊಬೆಲ್ ಬರಬೇಕು.

ಪಾಠದ_ಮೇಷ್ಟ್ರು

ನನ್ನ ಮೊದಲ ಅನುಮಾನವೂ ಅದೇ. ಮಾಮೂಲಿ ಧೂಳು ಬೆಳಕನ್ನು ಕೆಂಪಾಗಿಸುತ್ತದೆ, ಸಂಜೆಯ ಸೂರ್ಯನ ಹಾಗೆ. ಆ ಕೆಂಪನ್ನು ಅಳೆದು ಕಳೆಯಬಹುದು. ಬಣ್ಣ ಬದಲಿಸದೆ ಮಂಕು ಮಾತ್ರ ಮಾಡುವ ಬೂದು ಧೂಳು ಇದ್ದರೆ? ಹಾಗಿದ್ದರೆ ದೂರ ಹೋದಷ್ಟೂ ಮಂಕು ಹೆಚ್ಚುತ್ತಲೇ ಹೋಗಬೇಕು. 1997ಎಫ್‌ಎಫ್ ಅನ್ನುವ ಸೂಪರ್‌ನೋವಾದ ಬೆಳಕು ಸುಮಾರು 1,000 ಕೋಟಿ ವರ್ಷ ಪಯಣಿಸಿ ಬಂದದ್ದು. ಹಬಲ್ ದೂರದರ್ಶಕದ ಚಿತ್ರಗಳನ್ನು ಕೆದಕಿ 2001ರಲ್ಲಿ ಅದರ ಲೆಕ್ಕ ಹಾಕಿದಾಗ, ಧೂಳಿನ ಕಥೆ ಹೇಳುವುದಕ್ಕಿಂತ ಅದು ಪ್ರಖರವಾಗಿತ್ತು. ಆ ಕಾಲದಲ್ಲಿ ಬ್ರಹ್ಮಾಂಡ ಇನ್ನೂ ನಿಧಾನವಾಗುತ್ತಲೇ ಇತ್ತು. ವೇಗ ಹೆಚ್ಚತೊಡಗಿದ್ದು ಈಚೆಗೆ, 500-600 ಕೋಟಿ ವರ್ಷದ ಹಿಂದೆ. ಧೂಳು ಹೀಗೆ ಆಟ ಬದಲಿಸುವುದಿಲ್ಲ.

ಸೂಪರ್‌ನೋವಾ ಬಿಟ್ಟು ಬೇರೆ ದಾರಿಯಲ್ಲಿ ಅಳೆದರೂ ಅದೇ ಕಡೆಗೆ ಬರುತ್ತೇವೆ. ಪ್ಲ್ಯಾಂಕ್ ಉಪಗ್ರಹ ಬ್ರಹ್ಮಾಂಡದ ಹಳೇ ಬೆಳಕನ್ನು ಅಳೆದು ಕೊಟ್ಟ ಪಾಲುಪಟ್ಟಿ ಇದು: ನಾವು ಕಾಣುವ, ಮುಟ್ಟುವ ವಸ್ತು ಶೇಕಡಾ 5. ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ ಆದರೆ ಸೆಳೆಯುವ ವಸ್ತು, 26ರ ಆಸುಪಾಸು. ಉಳಿದ 68 ಈ ಗುರುತಿಲ್ಲದ ಗಿರಾಕಿ. ಡಾರ್ಕ್ ಎನರ್ಜಿ ಅಂತ ಹೆಸರು ಇಟ್ಟವರು ಮೈಕಲ್ ಟರ್ನರ್, 1998ರಲ್ಲಿ. ಕಪ್ಪು ಅಂತ ಹೆಸರಷ್ಟೇ, ಅದು ಕಪ್ಪಲ್ಲ. ಕಪ್ಪಾಗಿದ್ದರೆ ಬೆಳಕನ್ನಾದರೂ ತಡೆಯುತ್ತಿತ್ತು.

ಸೊನ್ನೆಸಾಲು

ಈ ವಿಷಯದ ಪಕ್ಕದಲ್ಲೇ ನನ್ನ ಕೆಲಸ. ಸದ್ಯ ಜರ್ಮನಿಯಲ್ಲಿದ್ದೇನೆ, ಊರು ಸಾಗರ. ಮಗಳ ಪ್ರಶ್ನೆಗೆ ನೇರವಾಗಿ ಬರುತ್ತೇನೆ ಅಕ್ಕ.

ಸೈಕಲ್ ಪಂಪ್ ತರಹದ ಒಂದು ಸಿಲಿಂಡರ್ ಯೋಚಿಸಿ, ಪಿಸ್ಟನ್ ಇದೆ. ಒಳಗೆ ಗಾಳಿ ತುಂಬಿದರೆ ಅದು ಪಿಸ್ಟನ್ನನ್ನು ಹೊರಗೆ ತಳ್ಳುತ್ತೆ. ತಳ್ಳಿದ್ದಕ್ಕೆ ಶಕ್ತಿ ಖರ್ಚಾಗಿ ತಣ್ಣಗಾಗುತ್ತೆ. ಈಗ ಒಳಗೆ ಡಾರ್ಕ್ ಎನರ್ಜಿ ಮಾತ್ರ ಇದೆ ಅಂದುಕೊಳ್ಳಿ. ಒಂದು ಲೀಟರಿಗೆ ಇಂತಿಷ್ಟು, ಅದು ಬದಲಾಗೋದಿಲ್ಲ. ಪಿಸ್ಟನ್ ಹೊರಗೆಳೆದರೆ ಲೀಟರು ಹೆಚ್ಚುತ್ತೆ, ಒಳಗಿನ ಶಕ್ತಿಯೂ ಹೆಚ್ಚುತ್ತೆ. ಆ ಶಕ್ತಿ ಕೊಟ್ಟವರು ಎಳೆದವರು. ಅಂದರೆ ಎಳೆಯುವಾಗ ಅವರಿಗೆ ಬಿಗಿ ಗೊತ್ತಾಗಿರಬೇಕು, ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಎಳೆದ ಹಾಗೆ. ಇದಕ್ಕೆ ಋಣ ಒತ್ತಡ ಅಂತಾರೆ. ಗಾಳಿ ತಳ್ಳುತ್ತೆ, ಇದು ಒಳಕ್ಕೆ ಜಗ್ಗುತ್ತೆ.

ಒಳಕ್ಕೆ ಜಗ್ಗುವಂಥದ್ದು ಬ್ರಹ್ಮಾಂಡವನ್ನು ಹಿಗ್ಗಿಸೋದು ಹೇಗೆ ಅಂತ ಮಗಳು ಕೇಳೇ ಕೇಳ್ತಾಳೆ. ಅದು ಎಲ್ಲ ಕಡೆ ಒಂದೇ ಸಮ ಇದೆ, ಆಚೆಗೂ ಈಚೆಗೂ ಅಷ್ಟೇ ಜಗ್ಗಾಟ, ಹಾಗಾಗಿ ಜಗ್ಗಾಟದಿಂದ ಏನೂ ಅಲುಗಾಡೋದಿಲ್ಲ. ಆದರೆ ಐನ್‌ಸ್ಟೈನ್ ಸಿದ್ಧಾಂತದಲ್ಲಿ ತೂಕ ಮಾತ್ರ ಗುರುತ್ವ ಹುಟ್ಟಿಸೋದಲ್ಲ, ಒತ್ತಡವೂ ಹುಟ್ಟಿಸುತ್ತೆ. ಅದೂ ಮೂರು ದಿಕ್ಕಿಗೆ ಮೂರು ಸಲ. ಶಕ್ತಿ 1 ಇದ್ದರೆ ಇದರ ಒತ್ತಡ ಮೈನಸ್ 1. ಒಟ್ಟು: 1 ಮೈನಸ್ 3, ಮೈನಸ್ 2. ಸೆಳೆಯಬೇಕಾದ ಗುರುತ್ವ ಚಿಹ್ನೆ ಬದಲಿಸಿ ದೂಡತೊಡಗುತ್ತೆ.

ಬೆಳ್ಳಿಚುಕ್ಕಿ

1 ಮೈನಸ್ 3 ನನಗೂ ಬರುತ್ತೆ ತಮ್ಮಾ, ಥ್ಯಾಂಕ್ಸ್. ರಬ್ಬರ್ ಪಟ್ಟಿ ಮಗಳಿಗೂ ಹಿಡಿಸಿತು. ಆದರೆ ಪಿಸ್ಟನ್ ಎಳೆಯುವ ಕೈ ಯಾವುದು? ಬ್ರಹ್ಮಾಂಡದ ಹೊರಗೆ ನಿಂತವರು ಯಾರೂ ಇಲ್ಲವಲ್ಲ?

ಸೊನ್ನೆಸಾಲು

ಇಲ್ಲ. ಅಲ್ಲೇ ಇರೋದು ಮಜಾ.

ಶಕ್ತಿ ಉಳಿಯುತ್ತೆ ಅನ್ನೋದು ಆಕಾಶದಿಂದ ಬಿದ್ದ ನಿಯಮ ಅಲ್ಲ. ಅದರ ಹಿಂದೆ ಒಂದು ಕಾರಣ ಇದೆ ಅಂತ 1918ರಲ್ಲಿ ಎಮ್ಮಿ ನೋಥರ್ ತೋರಿಸಿದರು. ನಿನ್ನೆಯ ವ್ಯವಸ್ಥೆಯೇ ಇವತ್ತೂ ಇದ್ದರೆ ಶಕ್ತಿಯ ಒಟ್ಟು ಮೊತ್ತ ಬದಲಾಗೋದಿಲ್ಲ. ಹಿಗ್ಗುವ ಬ್ರಹ್ಮಾಂಡದಲ್ಲಿ ನಿನ್ನೆಯ ಜಾಗ ಇವತ್ತಿನ ಜಾಗ ಅಲ್ಲ, ನೆಲವೇ ಬದಲಾಗ್ತಿದೆ. ಆದ್ದರಿಂದ ಆ ನಿಯಮಕ್ಕೆ ಆಧಾರ ಇಲ್ಲ. ಉಲ್ಟಾ ಉದಾಹರಣೆಯೂ ಇದೆ. ಬ್ರಹ್ಮಾಂಡಕ್ಕೆ 3.8 ಲಕ್ಷ ವರ್ಷ ವಯಸ್ಸಿದ್ದಾಗ ಹೊರಟ ಬೆಳಕು ಆಗ ಸುಮಾರು 3,000 ಡಿಗ್ರಿ ಕೆಲ್ವಿನ್ ಇತ್ತು, ಈಗ 2.7. ಆ ಬೆಳಕಿನ ಒಂದೊಂದು ಕಣವೂ ತನ್ನ ಶಕ್ತಿಯ 1,100ರಲ್ಲಿ ಒಂದು ಪಾಲು ಮಾತ್ರ ಉಳಿಸಿಕೊಂಡಿದೆ. ಕಳೆದದ್ದು ಯಾರ ಖಾತೆಗೂ ಜಮಾ ಆಗಿಲ್ಲ.

ನಿಮ್ಮ ಭಾಷೆಯಲ್ಲಿ ಹೇಳೋದಾದರೆ, ಒಂದೊಂದು ಬ್ರಾಂಚಿನ ಲೆಕ್ಕವೂ ಪೈಸೆಗೆ ಪೈಸೆ ತಾಳೆಯಾಗುತ್ತೆ. ಎಲ್ಲ ಬ್ರಾಂಚು ಸೇರಿಸಿ ಹೆಡ್ಡಾಫೀಸಿನಲ್ಲಿ ಒಂದೇ ಬ್ಯಾಲೆನ್ಸ್ ಶೀಟ್ ಬರೆಯೋಕೆ ಮಾತ್ರ ದಾರಿ ಇಲ್ಲ. ಗುರುತ್ವದ ಶಕ್ತಿಯನ್ನು ಮೈನಸ್ ಅಂತ ಸೇರಿಸಿ ತಾಳೆ ಮಾಡೋರೂ ಇದ್ದಾರೆ. ನನಗೆ ಅದು ಸಸ್ಪೆನ್ಸ್ ಅಕೌಂಟ್ ತೆರೆದ ಹಾಗೆ ಕಾಣುತ್ತೆ.

ಬೆಳ್ಳಿಚುಕ್ಕಿ

ಆಡಿಟ್‌ನಲ್ಲಿ ಪಾಸಾಗಲ್ಲ ಇದು. ಆದರೂ ಅರ್ಥವಾಯಿತು.

ಸನಾತನ_ಸಂಖ್ಯೆ

ಪೂರ್ಣದಿಂದ ಪೂರ್ಣವನ್ನು ತೆಗೆದರೂ ಪೂರ್ಣವೇ ಉಳಿಯುತ್ತದೆ ಅಂತ ನಮ್ಮ ಉಪನಿಷತ್ತಿನಲ್ಲಿ ಸಾವಿರಾರು ವರ್ಷದ ಹಿಂದೆಯೇ ಹೇಳಿದೆ. ಇವರು ಈಗ ಕಂಡುಹಿಡಿದರು.

ಕುಂದಾಪ್ರದೋಳು

ಮಂತ್ರ ನಂಗೂ ಇಷ್ಟ ಮಾರಾಯ್ರೆ. ಒಂದು ಘನ ಮೀಟರಿಗೆ ಎಷ್ಟು ಅಂತ ಅದರಲ್ಲಿ ಇದ್ದರೆ ಹೇಳಿ, ಇಲ್ಲಿ ಎಲ್ಲರೂ ಅದನ್ನೇ ಹುಡುಕುತ್ತಿದ್ದಾರೆ.

ನಿರ್ವಾಹಕ

ಇದನ್ನು ಇಲ್ಲಿಗೇ ನಿಲ್ಲಿಸಿ. ವಿಷಯಕ್ಕೆ ಬನ್ನಿ.

ಸೊನ್ನೆಸಾಲು

ಕುಂದಾಪುರದ ಮೇಡಂ ಕೇಳಿದ್ದು ತಮಾಷೆಗೆ ಇರಬಹುದು, ಆದರೆ ಇಡೀ ಒಗಟು ಇರೋದು ಅಲ್ಲೇ. ಲೆಕ್ಕ ಹಾಕಿಯೇ ಬಿಡೋಣ.

ಅಳತೆಯಿಂದ ಸಿಕ್ಕಿದ್ದು: ಒಂದು ಘನ ಮೀಟರಿನಲ್ಲಿರುವ ಡಾರ್ಕ್ ಎನರ್ಜಿಯನ್ನು ತೂಕಕ್ಕೆ ಬದಲಿಸಿದರೆ ಮೂರೂವರೆ ಪ್ರೋಟಾನಿನಷ್ಟು. ಇದು ಯಾರ ತಲೆಗೂ ಹತ್ತೋದಿಲ್ಲ. ಹಾಗಾಗಿ ಇಡೀ ಭೂಮಿಯಷ್ಟು ದೊಡ್ಡ ಜಾಗ ತೆಗೆದುಕೊಳ್ಳಿ. ಬೆಟ್ಟ, ಸಮುದ್ರ, ಒಳಗಿನ ಕಬ್ಬಿಣ ಎಲ್ಲ ಬಿಟ್ಟು ಆ ಜಾಗದಲ್ಲಿರುವ ಡಾರ್ಕ್ ಎನರ್ಜಿ ಮಾತ್ರ ತೂಗಿದರೆ ಸುಮಾರು 6 ಮಿಲಿಗ್ರಾಂ. ಎರಡು ಎಳ್ಳುಕಾಳು. ಇಡೀ ಭೂಮಿಗೆ, ಎರಡು ಎಳ್ಳುಕಾಳು.

ನಿಮ್ಮ ಮನೆಯ ಹತ್ತಡಿ ಹತ್ತಡಿ ರೂಮಿನಲ್ಲಿ ಎಷ್ಟು ಶಕ್ತಿ ಇದೆ ಅಂದರೆ, ಒಂದು ಎಳ್ಳುಕಾಳು ಅರ್ಧ ಮಿಲಿಮೀಟರ್ ಕೆಳಗೆ ಬೀಳುವಾಗ ಸಿಗುವಷ್ಟು. ಇಷ್ಟು ಕಡಿಮೆ ಇದ್ದೂ ಗೆಲ್ಲೋದು ಯಾಕೆ? ಬ್ರಹ್ಮಾಂಡದಲ್ಲಿ ಖಾಲಿ ಜಾಗವೇ ಜಾಸ್ತಿ. ಎಲ್ಲ ಕಡೆ ಎರಡೆರಡು ಕಾಳು ಸೇರಿ 68 ಪರ್ಸೆಂಟ್.

ಈಗ ಇನ್ನೊಂದು ಕಡೆಯ ಲೆಕ್ಕ. ಕ್ವಾಂಟಂ ಸಿದ್ಧಾಂತದ ಪ್ರಕಾರ ಖಾಲಿ ಜಾಗ ಪೂರ್ತಿ ಸುಮ್ಮನಿರೋದಿಲ್ಲ. ಪ್ರತಿ ಕಂಪನಕ್ಕೂ ಕನಿಷ್ಠ ಅರ್ಧ ಪಾಲು ಶಕ್ತಿ ಇದ್ದೇ ಇರುತ್ತೆ. ಎಷ್ಟು ಸಣ್ಣ ಅಲೆಯವರೆಗೆ ಕೂಡಿಸಬೇಕು? ನಮ್ಮ ಸಿದ್ಧಾಂತಗಳು ಕೈಕೊಡುವ ಪ್ಲ್ಯಾಂಕ್ ಅಳತೆಯವರೆಗೆ ಕೂಡಿಸಿದರೆ, ಬರುವ ಮೊತ್ತ ಎರಡು ಎಳ್ಳುಕಾಳಿಗಿಂತ 1ರ ಮುಂದೆ 120 ಸೊನ್ನೆ ಹಾಕಿದಷ್ಟು ಪಟ್ಟು ಜಾಸ್ತಿ. ನನ್ನ ಹೆಸರು ಬಂದದ್ದು ಅಲ್ಲಿಂದಲೇ.

ಭೌತವಿಜ್ಞಾನಿ ವೂಲ್ಫ್‌ಗಾಂಗ್ ಪೌಲಿ ಈ ಲೆಕ್ಕದ ಒಂದು ಹಳೇ ರೂಪವನ್ನು ಹಾಕಿ ನೋಡಿ ನಕ್ಕಿದ್ದರಂತೆ. ಅವರು ಅಷ್ಟು ಸಣ್ಣ ಅಲೆಗೂ ಹೋಗಿರಲಿಲ್ಲ, ಎಲೆಕ್ಟ್ರಾನಿನ ಗಾತ್ರದ ಅಳತೆಗೇ ನಿಲ್ಲಿಸಿದ್ದರು. ಆದರೂ ಅಷ್ಟು ಶಕ್ತಿ ನಿಜಕ್ಕೂ ಇದ್ದಿದ್ದರೆ ಬ್ರಹ್ಮಾಂಡ ಎಷ್ಟು ಚಿಕ್ಕದಾಗುತ್ತಿತ್ತು ಅಂದರೆ, ಚಂದ್ರನವರೆಗೂ ಮುಟ್ಟುತ್ತಿರಲಿಲ್ಲ.

ಹುಬ್ಬಳ್ಳಿ_ಮಂದಿ

ಈ 120 ಸೊನ್ನೆ ಪತ್ರಿಕೆಯವರ ಸಲುವಾಗಿ ಮಾಡಿದ ಲೆಕ್ಕ ಅಂತ ಕೇಳಿದ್ದೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ನೀವೇ ಇಟ್ಟುಕೊಂಡ ಗೆರೆ. ಗೆರೆ ಸರಿಸಿದರೆ ಸೊನ್ನೆಯೂ ಸರಿಯುತ್ತದೆ, ಹೌದೋ ಅಲ್ಲೋ?

ಸೊನ್ನೆಸಾಲು

ಹೌದು, ಒಪ್ಪಿದೆ. 120ಕ್ಕೆ ನಾನೂ ಅಂಟಿಕೊಂಡಿಲ್ಲ. ಗೆರೆ ಎಳೆಯದೆ, ಗೊತ್ತಿರುವ ಕಣಗಳ ತೂಕ ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದರೂ 50ಕ್ಕೂ ಹೆಚ್ಚು ಸೊನ್ನೆ ಬರುತ್ತೆ. ಎಲೆಕ್ಟ್ರಾನ್ ಒಂದನ್ನೇ ಹಿಡಿದರೂ 30ರ ಆಸುಪಾಸು. ಎಲೆಕ್ಟ್ರಾನ್ ನಾವು ಮಾಡಿಕೊಂಡ ಊಹೆ ಅಲ್ಲವಲ್ಲ? ಸೊನ್ನೆ ಎಷ್ಟು ಅನ್ನೋದರಲ್ಲಿ ಜಗಳ ಇದೆ. ತಪ್ಪಿದೆ ಅನ್ನೋದರಲ್ಲಿ ಜಗಳ ಇಲ್ಲ.

ಇನ್ನೊಂದು ಮಾತು. ಭೌತಶಾಸ್ತ್ರದ ಬೇರೆಲ್ಲ ಕಡೆ ಈ ಮೊತ್ತ ಎಷ್ಟೇ ಇರಲಿ ತೊಂದರೆ ಇಲ್ಲ. ಅಲ್ಲಿ ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರೋದು. ಅಟ್ಟದಿಂದ ಡಬ್ಬ ಬಿದ್ದರೆ ಎಷ್ಟು ಪೆಟ್ಟಾಗುತ್ತೆ ಅನ್ನೋಕೆ ಮನೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಯಾರೂ ಕೇಳೋದಿಲ್ಲ. ಗುರುತ್ವ ಮಾತ್ರ ಒಟ್ಟು ಮೊತ್ತವನ್ನೇ ನೋಡುತ್ತೆ. ಗುಂಪಿನಲ್ಲಿ ಒಬ್ಬ ಆಡಿಟರ್ ಇದ್ದ ಹಾಗೆ.

ಪಾಠದ_ಮೇಷ್ಟ್ರು

ಇಲ್ಲಿ ಭೌತವಿಜ್ಞಾನಿ ಪದ್ಮನಾಭನ್ ಅವರನ್ನು ನೆನೆಯಬೇಕು. ಪುಣೆಯ ಖಗೋಳ ಸಂಸ್ಥೆ ಐಯುಕಾದಲ್ಲಿದ್ದರು, 2021ರಲ್ಲಿ ತೀರಿಕೊಂಡರು. ಈ ಸಮಸ್ಯೆ ಕುರಿತ ಅವರ 2003ರ ದೀರ್ಘ ಲೇಖನದ ಹೆಸರಿನಲ್ಲೇ "ನಿರ್ವಾತದ ತೂಕ" ಅನ್ನುವ ಮಾತಿದೆ. ಈ ಆಡಿಟರ್ ಕೂಡ ಒಟ್ಟು ಮೊತ್ತ ನೋಡಬಾರದು, ಸೊನ್ನೆ ಮಟ್ಟ ಎಲ್ಲಿಟ್ಟರೂ ಗುರುತ್ವಕ್ಕೆ ವ್ಯತ್ಯಾಸವಾಗಬಾರದು, ಹಾಗೆ ಸಿದ್ಧಾಂತವನ್ನೇ ಬರೆಯಬೇಕು ಅನ್ನುವುದು ಅವರ ವಾದ. ಅವರು ತೋರಿಸಿದ ದಾರಿಯನ್ನು ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ರೋಗಕ್ಕೆ ಸರಿಯಾದ ಜಾಗದಲ್ಲಿ ಕೈಯಿಟ್ಟವರು ಅವರು ಅನ್ನಿಸುತ್ತದೆ.

ಬೆಳ್ಳಿಚುಕ್ಕಿ

ಒಂದು ಅನುಮಾನ. ಲೆಕ್ಕ ಇಷ್ಟು ದೊಡ್ಡದಿದ್ದರೆ ಇನ್ನೊಂದು ಕಡೆ ಅಷ್ಟೇ ದೊಡ್ಡ ಮೈನಸ್ ಇದ್ದು ಹೊಡೆದುಹೋಗಿರಬಹುದಲ್ಲ?

ಸೊನ್ನೆಸಾಲು

ಅದೇ ಮೊದಲ ಪ್ರಯತ್ನ ಅಕ್ಕ. ಕಣಗಳಲ್ಲಿ ಎರಡು ಜಾತಿ. ಬೋಸಾನ್‌ಗಳದ್ದು ಪ್ಲಸ್, ಫರ್ಮಿಯಾನ್‌ಗಳದ್ದು ಮೈನಸ್. ಪ್ರತಿ ಕಣಕ್ಕೂ ಇನ್ನೊಂದು ಜಾತಿಯಲ್ಲಿ ಅಷ್ಟೇ ತೂಕದ ಜೋಡಿ ಇದ್ದಿದ್ದರೆ ಪೂರ್ತಿ ಹೊಡೆದುಹೋಗುತ್ತಿತ್ತು. ಅಂಥ ಜೋಡಿ ಇಲ್ಲ. ತೂಕ ಜಾಸ್ತಿ ಇರುವ ಜೋಡಿಗಳಾದರೂ ಸಿಗಬಹುದು ಅಂತ ಜಿನೀವಾದ ದೊಡ್ಡ ಯಂತ್ರದಲ್ಲಿ ಹುಡುಕಿದರು, ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. ಸಿಕ್ಕಿದ್ದರೂ ತಾಳೆ ಪೂರ್ತಿ ಆಗುತ್ತಿರಲಿಲ್ಲ.

ಜೋಡಿ ಇಲ್ಲದೆ ಸುಮ್ನೆ ಅದೃಷ್ಟಕ್ಕೆ ಹೊಡೆದುಹೋಯಿತು ಅಂದುಕೊಳ್ಳೋಣ. ಜಮಾ ಒಂದು 120 ಅಂಕಿಯ ಸಂಖ್ಯೆ. ಖರ್ಚು ಇನ್ನೊಂದು 120 ಅಂಕಿಯ ಸಂಖ್ಯೆ. ಕೊನೆಯದೊಂದು ಬಿಟ್ಟು ಉಳಿದೆಲ್ಲ ಅಂಕಿಗಳೂ ಒಂದಕ್ಕೊಂದು ಹೊಂದಬೇಕು, ಕೊನೆಯಲ್ಲಿ ಒಂದು ರೂಪಾಯಿ ಉಳಿಯಬೇಕು.

ಬೆಳ್ಳಿಚುಕ್ಕಿ

ಈಗ ನನ್ನ ಕ್ಷೇತ್ರಕ್ಕೆ ಬಂದಿರಿ.

ಹಿಂದೆ ಒಂದು ಸಣ್ಣ ಸೊಸೈಟಿಯ ಪುಸ್ತಕ ನೋಡುವುದಕ್ಕೆ ಹೋಗಿದ್ದೆ. ಹೆಸರು ಬೇಡ. ಹನ್ನೊಂದು ತಿಂಗಳ ಲೆಕ್ಕ, ಒಂದು ಪೈಸೆ ವ್ಯತ್ಯಾಸವಿಲ್ಲ. ಒಂದು ಚಿತ್ತಿಲ್ಲ, ಒಂದು ತಿದ್ದುಪಡಿ ಇಲ್ಲ, ಮೊದಲ ಪುಟದಿಂದ ಕೊನೆಯವರೆಗೂ ಒಂದೇ ಶಾಯಿ. ನನ್ನ ಜೊತೆಗಿದ್ದ ಹುಡುಗ "ಎಷ್ಟು ನೀಟಾಗಿದೆ ಮೇಡಂ" ಅಂದ. ನನಗೆ ಅಲ್ಲೇ ಹೊಟ್ಟೆ ತೊಳಸಿತು. ಯಾರೋ ಒಂದೇ ರಾತ್ರಿ ಕೂತು ಇಡೀ ವರ್ಷದ ಪುಸ್ತಕ ಬರೆದಿದ್ದರು.

ಅದಕ್ಕೇ ಹೇಳಿದೆ. ಅಷ್ಟು ಅಂಕಿಯವರೆಗೆ ತಾಳೆಯಾಗುವ ಪುಸ್ತಕ ನನ್ನ ಮುಂದೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಇದನ್ನು ಯಾರು ಕೂತು ತಿದ್ದಿದ್ದು ಅಂತ.

ಸೊನ್ನೆಸಾಲು

ಅಕ್ಕ, ಇದನ್ನು ನನ್ನ ಗೈಡ್‌ಗೆ ಜರ್ಮನ್‌ನಲ್ಲಿ ಹೇಳಿ ತೋರಿಸಬೇಕು. ನಮ್ಮ ಕ್ಷೇತ್ರದ ಅರ್ಧ ಜನಕ್ಕೆ ನಿದ್ದೆ ಕೆಡಿಸಿರೋದು ಇದೇ.

ಕುಂದಾಪ್ರದೋಳು

ಹಾಗಾದರೆ ಯಾರು ತಿದ್ದಿದ್ದು?

ಸೊನ್ನೆಸಾಲು

ಒಂದು ಉತ್ತರ: ಯಾರೂ ತಿದ್ದಿಲ್ಲ, ಲೆಕ್ಕವಿಲ್ಲದಷ್ಟು ಪುಸ್ತಕಗಳಿವೆ. ಒಂದೊಂದು ಬ್ರಹ್ಮಾಂಡದಲ್ಲಿ ಒಂದೊಂದು ಬೆಲೆ. ಜಾಸ್ತಿ ಇರುವ ಕಡೆ ಎಲ್ಲವೂ ಬೇಗ ಚದುರಿಹೋಗಿ ಗ್ಯಾಲಕ್ಸಿಯೇ ಕಟ್ಟೋದಿಲ್ಲ, ಪ್ರಶ್ನೆ ಕೇಳೋಕೆ ಅಲ್ಲಿ ಯಾರೂ ಇರೋದಿಲ್ಲ. ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಈ ದಾರಿಯಲ್ಲಿ ಲೆಕ್ಕ ಹಾಕಿ, ಬೆಲೆ ಇಷ್ಟಕ್ಕಿಂತ ಜಾಸ್ತಿ ಇರೋಕೆ ಸಾಧ್ಯವಿಲ್ಲ ಅಂತ ಒಂದು ಮಿತಿ ಕೊಟ್ಟರು. ಹನ್ನೊಂದು ವರ್ಷದ ನಂತರ ಸಿಕ್ಕ ಬೆಲೆ ಆ ಮಿತಿಯ ಒಳಗೇ ಇತ್ತು, ತೀರಾ ಕೆಳಗೂ ಇರಲಿಲ್ಲ.

ಹುಬ್ಬಳ್ಳಿ_ಮಂದಿ

ಇದು ಉತ್ತರ ಅಲ್ಲ್ರೀ, ಕೈಚೆಲ್ಲಿದ್ದು. ನೋಡೋಕೆ ಆಗದ ಬ್ರಹ್ಮಾಂಡ ತೋರಿಸಿ ಇದ್ದ ಪ್ರಶ್ನೆಯನ್ನ ಅಡಗಿಸಿದರು. ಗೊತ್ತಿಲ್ಲದ್ದಕ್ಕೆ ಹೆಸರಿಡೋದು ಹಳೇ ಚಟ. ಹಿಂದೆ ಬೆಳಕಿನ ಅಲೆ ಸಾಗೋಕೆ ಈಥರ್ ಅನ್ನೋದು ಬೇಕು ಅಂದರು, ಈಗ ಡಾರ್ಕ್ ಎನರ್ಜಿ. ಐನ್‌ಸ್ಟೈನ್ ಗುರುತ್ವವೇ ಅಷ್ಟು ದೂರಕ್ಕೆ ತಪ್ಪಿರಬಾರದೇನು?

ಪಾಠದ_ಮೇಷ್ಟ್ರು

ತಪ್ಪಿರಬಹುದು. ಎರಡೂ ಆಗಿದ್ದಿದೆ. ಯುರೇನಸ್ ದಾರಿ ತಪ್ಪಿ ನಡೆದಾಗ ಫ್ರಾನ್ಸಿನ ಲವೆರಿಯೇ ಎಂಬವರು ಕಾಣದ ಗ್ರಹವನ್ನು ಲೆಕ್ಕದಲ್ಲೇ ಹುಡುಕಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಅದೇ ಮನುಷ್ಯ ಬುಧನ ದಾರಿ ತಪ್ಪಿದಾಗ ವಲ್ಕನ್ ಅನ್ನುವ ಗ್ರಹ ಇದೆ ಅಂದರು. ಅಂಥ ಗ್ರಹ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಸಿದ್ಧಾಂತದಿಂದ ಗೊತ್ತಾಯಿತು, ತಪ್ಪಿದ್ದು ನ್ಯೂಟನ್ನನ ಗುರುತ್ವ ಅಂತ.

ಆದರೆ ಗುರುತ್ವವನ್ನು ತಿದ್ದಲು ಹೊರಟವರಿಗೆ 2017ರ ಆಗಸ್ಟ್ 17ರಂದು ದೊಡ್ಡ ಪೆಟ್ಟು ಬಿತ್ತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದವು. ಗುರುತ್ವದ ಅಲೆ ಬಂತು, 1.7 ಸೆಕೆಂಡು ಬಿಟ್ಟು ಗಾಮಾ ಕಿರಣ ಬಂತು. 13 ಕೋಟಿ ವರ್ಷದ ಓಟದಲ್ಲಿ ಎರಡು ಸೆಕೆಂಡಿಗೂ ಕಡಿಮೆ ಅಂತರ. ಗುರುತ್ವದ ವೇಗ ಬೆಳಕಿಗಿಂತ ಬೇರೆ ಅಂದಿದ್ದ ಹಲವಾರು ಸಿದ್ಧಾಂತಗಳು ಆ ಒಂದೇ ದಿನದಲ್ಲಿ ಮನೆಗೆ ಹೋದವು.

ತರ್ಲೆ_ತಮ್ಮಣ್ಣ

ನಮ್ಮ ಬಸ್ಸು ಮೆಜೆಸ್ಟಿಕ್‌ಗೆ ಬರೋಕೆ ಅರ್ಧ ಗಂಟೆ ಆಚೀಚೆ.

ಕುಂದಾಪ್ರದೋಳು

ಈಚೆಗೆ ಡಾರ್ಕ್ ಎನರ್ಜಿ ಕಡಿಮೆಯಾಗ್ತಿದೆ ಅಂತ ಸುದ್ದಿ ಬಂತಲ್ಲ, ಅದೇನು?

ಸೊನ್ನೆಸಾಲು

ಅದು ಡೆಸಿ ಅನ್ನೋ ಅಳತೆಯಂತ್ರದ ಸುದ್ದಿ. ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ 4 ಮೀಟರ್ ದೂರದರ್ಶಕ. ಅದರ ತುದಿಯಲ್ಲಿ 5,000 ಪುಟ್ಟ ರೋಬೋಗಳು, ಒಂದೊಂದರ ಕೈಯಲ್ಲೂ ಒಂದೊಂದು ಗಾಜಿನ ಎಳೆ. ಪ್ರತಿ ಎಳೆಯೂ ಒಂದೊಂದು ಗ್ಯಾಲಕ್ಸಿಯ ಕಡೆ ತಿರುಗಿ ಬೆಳಕು ಹಿಡಿಯುತ್ತೆ. ಮುಗಿದ ಕೂಡಲೇ ಮುಂದಿನ 5,000.

ಇಲ್ಲಿ ಅಳೆಯೋದು ಬಲ್ಬ್ ನೋಡಿ ಅಲ್ಲ, ಅಳತೆಕೋಲು ಇಟ್ಟು. ಬ್ರಹ್ಮಾಂಡದ ಮೊದಲ 3.8 ಲಕ್ಷ ವರ್ಷ ಬಿಸಿ ಗಂಜಿಯಲ್ಲಿ ಓಡಿದ ಶಬ್ದದ ಅಲೆಗಳು ಒಂದು ಗುರುತು ಬಿಟ್ಟುಹೋಗಿವೆ. ಇವತ್ತಿನ ಅಳತೆಯಲ್ಲಿ ಸುಮಾರು 49 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಗ್ಯಾಲಕ್ಸಿಗಳು ಸ್ವಲ್ಪ ಜಾಸ್ತಿ ಜೋಡಿಯಾಗಿರುತ್ತವೆ. ಆ ಕೋಲು ಯಾವ ಕಾಲದಲ್ಲಿ ಎಷ್ಟು ಉದ್ದ ಕಾಣಿಸುತ್ತೆ ಅಂತ ನೋಡಿದರೆ ಹಿಗ್ಗಿದ ಇತಿಹಾಸ ಸಿಗುತ್ತೆ.

2024ರ ಏಪ್ರಿಲ್‌ನಲ್ಲಿ ಮೊದಲ ವರ್ಷದ ಫಲಿತಾಂಶ ಬಂತು, 2025ರ ಮಾರ್ಚ್‌ನಲ್ಲಿ ಮೂರು ವರ್ಷದ್ದು. ಹತ್ತಿರ ಹತ್ತಿರ 1.5 ಕೋಟಿ ಗ್ಯಾಲಕ್ಸಿ ಮತ್ತು ಕ್ವೇಸಾರ್. ಇದನ್ನು ಹಳೇ ಬೆಳಕಿನ ಜೊತೆ, ಸೂಪರ್‌ನೋವಾಗಳ ಜೊತೆ ಸೇರಿಸಿದರೆ ಡಾರ್ಕ್ ಎನರ್ಜಿ ಹಿಂದೆ ಜಾಸ್ತಿ ಇದ್ದು ಈಗ ಇಳಿಯುತ್ತಿರುವ ಹಾಗೆ ಕಾಣುತ್ತೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸುತ್ತೀರಿ ಅನ್ನೋದರ ಮೇಲೆ ನಂಬಿಕೆ 2.8 ಸಿಗ್ಮಾದಿಂದ 4.2 ಸಿಗ್ಮಾವರೆಗೆ. ಸಿಗ್ಮಾ ಅಂದರೆ ಇದು ಬರೀ ಆಕಸ್ಮಿಕ ಅಲ್ಲ ಅನ್ನೋದರ ಅಳತೆ, ಕಂಡುಹಿಡಿದೆವು ಅನ್ನೋಕೆ 5 ಬೇಕು. ಪಟ್ಟಿ ಬದಲಿಸಿದರೆ ಉತ್ತರ ಇಷ್ಟು ಅಲುಗಾಡುತ್ತೆ ಅನ್ನೋದೇ ನನಗೆ ಅನುಮಾನ ಹುಟ್ಟಿಸೋದು. ಸಿಡಿದ ನಕ್ಷತ್ರದ ವಯಸ್ಸಿಗೆ ತಕ್ಕಂತೆ ಸೂಪರ್‌ನೋವಾ ಪ್ರಖರತೆಯೂ ಬದಲಾಗುತ್ತೆ, ಹಳೇ ಲೆಕ್ಕವನ್ನೆಲ್ಲ ತಿದ್ದಬೇಕು ಅಂತ ಕೊರಿಯಾದ ಒಂದು ಗುಂಪು ವಾದಿಸುತ್ತಿದೆ. ಅದನ್ನು ಒಪ್ಪದವರು ಬಹಳ.

ಪಾಠದ_ಮೇಷ್ಟ್ರು

ಬದಲಾಗದ ಡಾರ್ಕ್ ಎನರ್ಜಿ ಅಂದರೆ ಐನ್‌ಸ್ಟೈನ್ 1917ರಲ್ಲಿ ಸಮೀಕರಣಕ್ಕೆ ಸೇರಿಸಿ, ಆಮೇಲೆ ಕೈಬಿಟ್ಟ ಸ್ಥಿರಾಂಕವೇ. ಈ ಸುದ್ದಿ ನಿಜವಾದರೆ ಆ ಸ್ಥಿರಾಂಕ ಸ್ಥಿರವೇ ಅಲ್ಲ ಅಂದಂತಾಯಿತು. ಜಾಗದ ತುಂಬ ಹರಡಿ ನಿಧಾನವಾಗಿ ಇಳಿಯುವ ಒಂದು ಕ್ಷೇತ್ರ (ಫೀಲ್ಡ್) ಇರಬಹುದು ಅಂತ ಭರತ್ ರಾತ್ರಾ ಮತ್ತು ಜಿಮ್ ಪೀಬಲ್ಸ್ 1988ರಲ್ಲೇ ಬರೆದಿದ್ದರು. ಸೂಪರ್‌ನೋವಾ ಸುದ್ದಿಗಿಂತ ಹತ್ತು ವರ್ಷ ಮುಂಚೆ.

ಹುಬ್ಬಳ್ಳಿ_ಮಂದಿ

ಹಂಗಾದರೆ ಒಗಟು ಬಿಡಿಸಿದಂಗಾಯ್ತಲ್ಲ್ರೀ. ಕ್ಷೇತ್ರ ಇಳಿಯುತ್ತಿದೆ, ಮುಗೀತು.

ಸೊನ್ನೆಸಾಲು

ಇಲ್ಲ ಅಣ್ಣಾ, ಎಲ್ಲರೂ ಎಡವೋದು ಇಲ್ಲೇ. ಒಗಟು ಒಂದಲ್ಲ, ಎರಡು. ಖಾಲಿ ಜಾಗದ ತೂಕ ರಾಶಿ ರಾಶಿ ಯಾಕಿಲ್ಲ, ಇದು ಒಂದು. ಪೂರ್ತಿ ಸೊನ್ನೆಯಾದರೂ ಯಾಕಲ್ಲ, ಎರಡು ಎಳ್ಳುಕಾಳು ಯಾಕೆ ಉಳೀತು, ಇದು ಇನ್ನೊಂದು. ಡೆಸಿ ನೋಡುತ್ತಿರೋದು ಎರಡನೆಯದನ್ನು ಮಾತ್ರ. ಆ ಎರಡು ಕಾಳು ಬೇರೆ ಯಾವುದೋ ಕ್ಷೇತ್ರದ್ದು ಅಂತ ನಾಳೆ ಸಾಬೀತಾದರೆ, ಖಾಲಿ ಜಾಗದ ಪಾಲಿಗೆ ಸೊನ್ನೆ ಉಳಿಯುತ್ತೆ. ಆಗ 120 ಅಂಕಿಗಳೂ ಕೊನೆಯದು ಸಮೇತ ಹೊಡೆದುಹೋಗಬೇಕು. 1998ಕ್ಕಿಂತ ಮುಂಚೆ ಹೆಚ್ಚಿನವರು ಅದನ್ನೇ ನಂಬಿದ್ದರು, ಏನೋ ಒಂದು ನಿಯಮ ಇದೆ, ಸಿಕ್ಕಿಲ್ಲ ಅಷ್ಟೇ ಅಂತ. ಇವತ್ತಿಗೂ ಸಿಕ್ಕಿಲ್ಲ.

ಬೆಳ್ಳಿಚುಕ್ಕಿ

ಅಂದರೆ ಪೇಪರಿನಲ್ಲಿ ಬರುವ ಸುದ್ದಿ ಎಲ್ಲ ಉಳಿದ ಒಂದು ರೂಪಾಯಿಯ ಬಗ್ಗೆ. ಪುಸ್ತಕ ತಿದ್ದಿದ ಕೇಸು ಹಾಗೇ ಇದೆ.

ಸೊನ್ನೆಸಾಲು

ಹಾಗೇ ಇದೆ.

ಕುಂದಾಪ್ರದೋಳು

ಮಗಳಿಗೆ ಆಸಕ್ತಿ ಇದ್ದರೆ ಹೊಸಕೋಟೆಗೆ ಕರೆದುಕೊಂಡು ಹೋಗಿ ಮೇಡಂ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್‌ನ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸೋದು ಹೊಸಕೋಟೆ ಹತ್ತಿರ ಶಿಡ್ಲಘಟ್ಟ ರಸ್ತೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ, ಉಪಗ್ರಹದ ಮೂಲಕ. ಸೂಪರ್‌ನೋವಾ ನೋಡೋದೂ ಅದರ ಕೆಲಸದಲ್ಲಿ ಸೇರಿದೆ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ಹೋಗಿದ್ದೆ. ಹೊರಗೆ ಮಳೆ, ಎಂತದೂ ಕಾಣುವುದಿಲ್ಲ. ಒಳಗೆ ಪರದೆ ಮೇಲೆ ಹಾನ್ಲೆಯ ಆಕಾಶ, ಒಂದು ಮೋಡ ಇಲ್ಲ. ಮೊದಲೇ ಕೇಳಿಕೊಂಡು ಹೋಗಿ, ಸುಮ್ನೆ ಹೋದರೆ ಗೇಟಿನಲ್ಲೇ ನಿಲ್ಲಿಸ್ತಾರೆ.

ಹುಬ್ಬಳ್ಳಿ_ಮಂದಿ

ಕಡೇದಾಗಿ ಒಂದು. ಎಳ್ಳುಕಾಳು 3 ಮಿಲಿಗ್ರಾಂ ಅಂತ ಹೇಳಿದವರು ಯಾರು? ಇಡೀ ಲೆಕ್ಕ ಅದರ ಮೇಲೆ ನಿಂತದ.

ಸೊನ್ನೆಸಾಲು

ಎಲ್ಲೋ ಓದಿದ ನೆನಪು ಅಣ್ಣಾ. ಸಿಕ್ಕಿಬಿದ್ದೆ.

ಬೆಳ್ಳಿಚುಕ್ಕಿ (ಭಾನುವಾರ, ಸಂಜೆ 6:15)

ಇರಿ, ಆಡಿಟ್ ಮಾಡಿದೆವು.

ಅಡುಗೆಮನೆಯ ತಕ್ಕಡಿ ಒಂದು ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ಅದಕ್ಕೇ ಮಗಳು ಊಟದ ತಟ್ಟೆಯಲ್ಲಿ ಬಿಳಿ ಎಳ್ಳು ಹರಡಿ, ಹತ್ತತ್ತರ ಗುಂಪು ಮಾಡಿ ಸಾವಿರ ಕಾಳು ಎಣಿಸಿದಳು. ನಾನು ಇನ್ನೊಂದು ಕಡೆಯಿಂದ ಎಣಿಸಿದೆ. ನಡುವೆ ಇವರು ಫ್ಯಾನ್ ಹಾಕಿ ಮುನ್ನೂರು ಕಾಳು ಹಾರಿಹೋಯಿತು, ಮತ್ತೆ ಮೊದಲಿಂದ. ಸಾವಿರ ಕಾಳು 3 ಗ್ರಾಂ. ತಕ್ಕಡಿ 2.5ರಿಂದ 3.5ರವರೆಗೆ ಎಲ್ಲದಕ್ಕೂ 3 ಅಂತಲೇ ತೋರಿಸುತ್ತೆ ಅಂತ ಅವಳೇ ಹೇಳಿದಳು. ಆಮೇಲೆ ಎರಡು ಸಾವಿರ ಎಣಿಸಿದೆವು. 6 ಗ್ರಾಂ.

ಭೂಮಿಗೆ ಎರಡು ಕಾಳು ಸರಿ ಇದೆ. ಕರಿ ಎಳ್ಳಿಗೆ ಬೇರೆ ಲೆಕ್ಕ ಬರಬಹುದು ಅನ್ನುತ್ತಿದ್ದಾಳೆ, ಅದು ಮುಂದಿನ ಭಾನುವಾರ.